ಹತ್ತು ನಿಮಿಷದ ಕಣ್ಣು

ಕುಣಿಗಲ್
11 ಜೂನ್ 2024, ಮಂಗಳವಾರ

‘ಮರೆ’ ಸಹಾಯ ವಿಭಾಗದವರಿಗೆ,

ನಮಸ್ಕಾರ. ನನ್ನ ಹೆಸರು ಮಾಲಿನಿ, ವಯಸ್ಸು ಮೂವತ್ತೊಂದು. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಇಲ್ಲಿಯ ಒಂದು ಟ್ರಸ್ಟಿನ ಕಂಪ್ಯೂಟರ್ ಕೇಂದ್ರದಲ್ಲಿ ಮಂಗಳವಾರ ಮತ್ತು ಶುಕ್ರವಾರ ನನ್ನಂಥವರಿಗೆ ಟೈಪಿಂಗ್ ಕಲಿಸುತ್ತೇನೆ. ಈ ಪತ್ರವನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ. ಇಲ್ಲಿಯ ಕಂಪ್ಯೂಟರಿನಲ್ಲಿ ತೆರೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇದೆ. ಇಯರ್‌ಫೋನ್ ಹಾಕಿಕೊಂಡು ಅದು ಹೇಳಿದ್ದನ್ನು ಕೇಳುತ್ತ ಟೈಪ್ ಮಾಡುತ್ತೇನೆ.

ಫೋನಿಗೆ ಹಾಕುವ ನಿಮ್ಮ ‘ಮರೆ’ ತಂತ್ರಾಂಶದ ವಿಷಯ ಒಂದು ಲೇಖನದಲ್ಲಿ ಬಂದಿತ್ತು. ಹಳೆಯ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಇದನ್ನು ಹಾಕಿಕೊಂಡರೆ ಮಾಲೀಕರನ್ನು ಬಿಟ್ಟು ಬೇರೆ ಯಾರೂ ಒಳಗೆ ಇಣುಕಲಾಗದು ಎಂದು ಬರೆದಿದ್ದರು. ನನ್ನವು ಎರಡು ಪ್ರಶ್ನೆ. ‘ಯಾರೂ’ ಎಂದರೆ ನಿಜವಾಗಿಯೂ ಯಾರೂ ಅಲ್ಲವೇ? ಮತ್ತು ಅದು ಕಣ್ಣಿಲ್ಲದವರ ಜೊತೆ ಮಾತಾಡುತ್ತದೆಯೇ?

ಉತ್ತರ ಈ ವಿಳಾಸಕ್ಕೇ ಬರಲಿ. ವಾರಕ್ಕೆ ಎರಡು ದಿನ ಮಾತ್ರ ಇದನ್ನು ತೆರೆಯಬಲ್ಲೆ.

ಮಾಲಿನಿ


ಗುಬ್ಬಿ
12 ಜೂನ್ 2024

ಮಾನ್ಯರೇ,

ಸಹಾಯ ವಿಭಾಗ ಎಂದರೆ ದೊಡ್ಡದೇನೂ ಅಲ್ಲ. ಕನ್ನಡದ ಮಟ್ಟಿಗೆ ನಾನೊಬ್ಬನೇ. ಹೆಸರು ಸಿದ್ದಗಂಗಯ್ಯ, ಅರವತ್ತಮೂರು ವರ್ಷ. ಹುಟ್ಟಿದ್ದು ಚೇಳೂರಿನಲ್ಲಿ, ಈಗ ಗುಬ್ಬಿಯ ಸ್ಟೇಷನ್ ರಸ್ತೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಸೇರಿ, ಅಲ್ಲಿಯೇ ಕಂಪ್ಯೂಟರ್ ಕಲಿತು, ಅಲ್ಲಿಂದಲೇ ನಿವೃತ್ತನಾದೆ. ‘ಮರೆ’ಯನ್ನು ಕಟ್ಟುವವರು ಏಳೆಂಟು ಮಂದಿ, ಎಲ್ಲೆಲ್ಲೋ ಇದ್ದಾರೆ. ಅವರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿಲ್ಲ. ಕನ್ನಡದ ಪದ ಹಾಕುವುದು, ಹಳೆಯ ಫೋನುಗಳಲ್ಲಿ ಹಾಕಿ ನೋಡುವುದು, ಬಂದ ಪತ್ರಗಳಿಗೆ ಉತ್ತರಿಸುವುದು ನನ್ನ ಕೆಲಸ. ತಿಂಗಳಿಗೆ ಒಂದೋ ಎರಡೋ ಪತ್ರ ಬರುತ್ತವೆ, ಅವೂ ಒಂದೊಂದು ಸಾಲು. ನಿಮ್ಮದು ಇಷ್ಟು ಉದ್ದವಿದ್ದುದಕ್ಕೆ ಖುಷಿಯಾಯಿತು.

ಮೊದಲ ಪ್ರಶ್ನೆಗೆ ಉತ್ತರ: ಹೌದು, ಯಾರೂ ಅಲ್ಲ. ಇವತ್ತು ನಾವು ಎಲ್ಲಿ ಹೋದೆವು, ಏನು ಕೊಂಡೆವು, ಯಾರಿಗೆ ಫೋನ್ ಮಾಡಿದೆವು ಎಲ್ಲವೂ ಯಾವುದೋ ಕಂಪನಿಯ ಬಾಯಿಗೆ ಬೀಳುತ್ತಿದೆ. ನಿಮ್ಮಂಥ ತರುಣಿಗೆ ಈ ಎಚ್ಚರ ಬಂದಿರುವುದು ದೊಡ್ಡದು. ಎರಡನೇ ಪ್ರಶ್ನೆಗೂ ಹೌದು. ಸೆಟ್ಟಿಂಗ್ಸಿನಲ್ಲಿ ಸ್ಕ್ರೀನ್ ರೀಡರ್ ಇದೆ. ಅದಕ್ಕೆ ‘ತೆರೆ ಓದುಗ’ ಎಂದು ಕನ್ನಡ ಮಾಡಿದವನೇ ನಾನು.

ನನ್ನ ಬಳಿ ಮೂರು ಹಳೆಯ ಫೋನುಗಳು ಸುಮ್ಮನೆ ಬಿದ್ದಿವೆ. ವಿಳಾಸ ಕೊಟ್ಟರೆ ಒಂದನ್ನು ಸಿದ್ಧ ಮಾಡಿ ಕಳಿಸುತ್ತೇನೆ.

ವಿಶ್ವಾಸದಿಂದ,
ಸಿದ್ದಗಂಗಯ್ಯ


ಕುಣಿಗಲ್
14 ಜೂನ್ 2024, ಶುಕ್ರವಾರ

ಸಿದ್ದಗಂಗಯ್ಯನವರೇ,

ಕಂಪನಿಗಳ ವಿಷಯ ನೀವು ಬರೆದದ್ದನ್ನು ಎರಡು ಸಲ ಕೇಳಿಸಿಕೊಂಡೆ. ವಿಳಾಸ ಕೆಳಗಿದೆ, ಅದು ಕೇಂದ್ರದ್ದು. ಇಲ್ಲಿಯ ಮೇಲ್ವಿಚಾರಕಿ ಪ್ರೇಮಲತಾ ಪಾರ್ಸೆಲ್ ತೆಗೆದುಕೊಳ್ಳುತ್ತಾರೆ. ಹೊರಗಡೆ ‘ಫೋನ್’ ಎಂದು ಬರೆಯಬೇಡಿ. ‘ಪಾಠದ ಸಾಮಗ್ರಿ’ ಎಂದು ಬರೆಯಿರಿ.

ಜನವರಿಯೊಳಗೆ ನನ್ನದೇ ಆದ ಒಂದು ನಂಬರು, ನಾನೊಬ್ಬಳೇ, ಯಾವಾಗ ಬೇಕಾದರೂ ತೆರೆಯುವ ಒಂದು ಇಮೇಲ್ ಬೇಕು. ಒಂದು ಕೆಲಸದ ಅರ್ಜಿಗಾಗಿ. ನಿಮಗೆ ತೊಂದರೆ ಕೊಡುತ್ತಿದ್ದೇನೆ.

ಮಾಲಿನಿ


ಕುಣಿಗಲ್
25 ಜೂನ್ 2024, ಮಂಗಳವಾರ

ಸಿದ್ದಗಂಗಯ್ಯನವರೇ,

ಶುಕ್ರವಾರ ಪಾರ್ಸೆಲ್ ಬಂತು. ಫೋನನ್ನು ಚೀಲದಲ್ಲಿ ಬಟ್ಟೆಯ ನಡುವೆ ಇಟ್ಟುಕೊಂಡು ಮನೆಗೆ ಒಯ್ದೆ. ಭಾನುವಾರ ಮಧ್ಯಾಹ್ನ ಅಣ್ಣ ಅತ್ತಿಗೆ ಇಬ್ಬರೂ ಕೊತ್ತಗೆರೆಯಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದರು. ಆಗ ತೆರೆದೆ.

ಪಕ್ಕದ ಗುಂಡಿ ಒತ್ತಿದೆ. ಒಮ್ಮೆ ನಡುಗಿತು. ಆಮೇಲೆ ಏನೂ ಇಲ್ಲ. ನನ್ನ ಈಗಿನ ಫೋನಿನಲ್ಲಿ ದನಿಯ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಅದು ಮಾತಾಡಲು ಶುರುಮಾಡುತ್ತದೆ. ಇದರಲ್ಲೂ ಹಿಡಿದೆ. ಮತ್ತೆ ನಡುಗಿತು, ಅಷ್ಟೇ. ಗಾಜಿನ ಮೇಲೆ ಬೆರಳಾಡಿಸಿದೆ. ಎಲ್ಲೋ ಏನೋ ಒತ್ತಿದಂತಾಯಿತು, ಏನು ಎಂದು ಹೇಳುವವರಿಲ್ಲ. ಇಯರ್‌ಫೋನ್ ಸರಿಯಿದೆಯೇ ಎಂದು ಬೇರೆ ಫೋನಿಗೆ ಹಾಕಿ ನೋಡಿದೆ. ಸರಿಯಿತ್ತು. ಹೀಗೆ ಎರಡು ಗಂಟೆ ಕೂತಿದ್ದೆ.

ಅದು ಮಾತಾಡುತ್ತದೆ ಎಂದಿದ್ದಿರಿ.

ಮಾಲಿನಿ


ಗುಬ್ಬಿ
26 ಜೂನ್ 2024

ಮಾಲಿನಿಯವರೇ,

ತಪ್ಪು ನನ್ನದು. ಆ ಹೆಸರು ಪಟ್ಟಿಯಲ್ಲಿರುವುದನ್ನು ನೋಡಿ ‘ಇದೆ’ ಎಂದುಬಿಟ್ಟೆ. ಇದುವರೆಗೆ ಒಮ್ಮೆಯೂ ಅದನ್ನು ಚಾಲೂ ಮಾಡಿ ನೋಡಿರಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ನೋಡಿದೆ. ಓದುವ ತಂತ್ರಾಂಶವೇನೋ ಒಳಗಿದೆ, ಆದರೆ ಅದಕ್ಕೆ ಕಂಠವಿಲ್ಲ. ಬೇರೆ ಫೋನುಗಳಲ್ಲಿ ಆ ಕಂಠವನ್ನು ದೊಡ್ಡ ಕಂಪನಿಗಳು ತುಂಬಿಸಿಯೇ ಕೊಡುತ್ತವೆ. ನಾವು ಅವರ ಸಾಮಾನನ್ನೆಲ್ಲ ಹೊರಹಾಕುವಾಗ ಅದನ್ನೂ ಹೊರಹಾಕಿದ್ದೇವೆ. ಬೇಕಾದವರು ಆಮೇಲೆ ಇಳಿಸಿಕೊಳ್ಳಲಿ ಎಂದು.

ಉಪಾಯವಿದೆ. ವೈಫೈ ಜೋಡಿಸಬೇಕು, ಆ್ಯಪ್ ಸ್ಟೋರ್ ತೆರೆದು ಕನ್ನಡದ ಕಂಠವೊಂದನ್ನು ಇಳಿಸಿ, ಸೆಟ್ಟಿಂಗ್ಸಿನಲ್ಲಿ ಅದನ್ನು ಆರಿಸಬೇಕು. ಹತ್ತು ನಿಮಿಷದ ಕೆಲಸ. ಕಣ್ಣಿರುವ ಯಾರಾದರೂ ಪಕ್ಕದಲ್ಲಿ ಕೂತರೆ ಸಾಕು, ಆಮೇಲೆ ಜೀವಮಾನವಿಡೀ ನಿಮಗೆ ಯಾರ ಹಂಗೂ ಇಲ್ಲ. ಮನೆಯಲ್ಲಿ ಯಾರ್‍ಯಾರಿದ್ದಾರೆ?

ಸಿದ್ದಗಂಗಯ್ಯ


ಕುಣಿಗಲ್
28 ಜೂನ್ 2024, ಶುಕ್ರವಾರ

ಅಣ್ಣ ಉದಯಕುಮಾರ್, ಅತ್ತಿಗೆ ಪಲ್ಲವಿ ಮತ್ತು ನಾನು. ಅಣ್ಣನದು ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಅಂಗಡಿ. ಇಬ್ಬರಿಗೂ ಬಿಡುವಿಲ್ಲ. ಪ್ರೇಮಲತಾ ಅವರನ್ನು ಕೇಳುವ ಹಾಗಿಲ್ಲ, ಅವರು ಅತ್ತಿಗೆಯ ಗೆಳತಿ.

ಬೇರೆ ದಾರಿ ಇಲ್ಲವೇ?

ಮಾಲಿನಿ


ಗುಬ್ಬಿ
29 ಜೂನ್ 2024

ಮಾಲಿನಿಯವರೇ,

ಹತ್ತು ನಿಮಿಷಕ್ಕೂ ಬಿಡುವಿಲ್ಲದಷ್ಟು ಕೆಲಸವೇ? ನಿಮಗೆ ಕೇಳಲು ಸಂಕೋಚವಿರಬೇಕು. ಬೇಕಿದ್ದರೆ ನಾನೇ ಬರುತ್ತೇನೆ. ತುಮಕೂರಿಗೆ ಬಂದು ಹೆಬ್ಬೂರಿನ ಮೇಲೆ ಹೋಗುವ ಬಸ್ ಹಿಡಿದರೆ ಎರಡೂವರೆ ಗಂಟೆ. ನನಗೆ ಇಲ್ಲಿ ಬೇರೇನೂ ಕೆಲಸವಿಲ್ಲ. ಕುಣಿಗಲ್ಲಿನ ದೊಡ್ಡಕೆರೆ ನೋಡಿ ಎಷ್ಟೋ ವರ್ಷವಾಯಿತು.

ಸಿದ್ದಗಂಗಯ್ಯ


ಕುಣಿಗಲ್
2 ಜುಲೈ 2024, ಮಂಗಳವಾರ

ಬರಬೇಡಿ. ಊರು ಚಿಕ್ಕದು. ನನ್ನ ಜೊತೆ ಹೊಸಬರು ಯಾರಾದರೂ ಕೂತರೆ ಕೆರೆ ಏರಿ ದಾಟುವುದರೊಳಗೆ ಸುದ್ದಿ ಅಂಗಡಿ ತಲುಪುತ್ತದೆ. ಫೋನನ್ನು ನಿಮಗೆ ಮರಳಿ ಕಳಿಸೋಣವೆಂದರೆ ಕೊರಿಯರ್ ಮಾಡಲೂ ಯಾರನ್ನಾದರೂ ಕೇಳಲೇಬೇಕು. ಸ್ವಲ್ಪ ದಿನ ಬಿಡಿ. ನಾನೇ ಏನಾದರೂ ಯೋಚಿಸುತ್ತೇನೆ.

ಮಾಲಿನಿ


ಗುಬ್ಬಿ
6 ಜುಲೈ 2024

ಮಾಲಿನಿಯವರೇ,

ನೀವು ಇನ್ನು ಚಿಂತೆ ಮಾಡಬೇಡಿ. ಒಂದು ಏರ್ಪಾಡು ಮಾಡಿದ್ದೇನೆ. ಏನೆಂದು ಈಗ ಹೇಳುವುದಿಲ್ಲ. ಇನ್ನೆರಡು ದಿನದಲ್ಲಿ ನಿಮ್ಮ ಫೋನು ಮಾತಾಡುತ್ತದೆ. ಅದು ಆಡಿದ ಮೊದಲ ಮಾತು ಏನು ಎಂದು ನನಗೆ ಬರೆಯಬೇಕು.

ಸಿದ್ದಗಂಗಯ್ಯ


ಗುಬ್ಬಿ
20 ಜುಲೈ 2024

ಮಾಲಿನಿಯವರೇ,

ನೀವು ಕೇಂದ್ರಕ್ಕೆ ಬರುವ ನಾಲ್ಕು ದಿನ ಕಳೆದವು, ನಿಮ್ಮಿಂದ ಪತ್ರವಿಲ್ಲ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹತ್ತರಿಂದ ಕಂಪ್ಯೂಟರ್ ಮುಂದೆ ಕೂತಿರುತ್ತೇನೆ. ಫೋನು ಚೆನ್ನಾಗಿದೆಯೇ? ಹೊಸದರಲ್ಲಿ ಮುಳುಗಿ ಹಳಬನನ್ನು ಮರೆತಿದ್ದರೆ ಅದೂ ಒಳ್ಳೆಯದೇ. ಒಂದು ಸಾಲು ಬರೆದರೆ ಸಾಕು.

ಸಿದ್ದಗಂಗಯ್ಯ


ಗುಬ್ಬಿ
10 ಆಗಸ್ಟ್ 2024

ಮಗಳೇ,

ಮೈಗೆ ಹುಷಾರಿಲ್ಲವೇ? ನನ್ನಿಂದ ಏನಾದರೂ ತಪ್ಪಾಗಿದೆಯೇ? ಇಲ್ಲಿ ದಿನವಿಡೀ ರೈಲುಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಿಮ್ಮ ಹಳೆಯ ಪತ್ರಗಳನ್ನೇ ಓದಿದೆ. ಒಟ್ಟು ಐದು ಇವೆ.

ಸಿದ್ದಗಂಗಯ್ಯ


ಕುಣಿಗಲ್
27 ಆಗಸ್ಟ್ 2024, ಮಂಗಳವಾರ

ಸಿದ್ದಗಂಗಯ್ಯನವರೇ,

ಏಳು ವಾರದ ಮೇಲೆ ಇವತ್ತು ಕೇಂದ್ರಕ್ಕೆ ಬಂದಿದ್ದೇನೆ. ನಡೆದದ್ದನ್ನು ಬರೆಯುತ್ತೇನೆ.

ಜುಲೈ ಆರರಂದು ಸಂಜೆ ಅಣ್ಣ ಅಂಗಡಿಯಿಂದ ಬೇಗ ಬಂದ. ಚಪ್ಪಲಿ ಬಿಚ್ಚುತ್ತಲೇ ಕೇಳಿದ. “ಗುಬ್ಬಿಯಿಂದ ಯಾರೋ ಸಿದ್ದಗಂಗಯ್ಯ ಅಂತ ಫೋನ್ ಮಾಡಿದ್ರು. ಪ್ರೇಮಲತಾ ನನ್ ನಂಬರ್ ಕೊಟ್ಟವ್ರಂತೆ. ನಿನ್ ಹೊಸಾ ಫೋನಿಗೆ ನಾನು ಹತ್ತು ನಿಮಿಷ ಕಣ್ಣು ಕೊಡ್ಬೇಕಂತೆ. ಯಾವ ಫೋನಮ್ಮಾ?”

ಅವನೇ ಹೋಗಿ ಬಟ್ಟೆಯ ಟ್ರಂಕು ತೆಗೆದ.

ನಾನು ನಿಮಗೆ ಹೇಳದೇ ಇದ್ದ ವಿಷಯ ಇದು. ನನಗೆ ಯಾವ ಕಂಪನಿಯ ಭಯವೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ನಾನು ತುಮಕೂರಿನ ಹಾಸ್ಟೆಲಿನಲ್ಲಿದ್ದೆ. ಅಣ್ಣ ಬಂದು ಕರೆದುಕೊಂಡು ಬಂದ. ಫೋನ್ ಕೊಡಿಸಿದ, ಬೀಗಕ್ಕೆ ತನ್ನ ಬೆರಳನ್ನೂ ಇಟ್ಟ. “ನಿಂಗೆ ಕಷ್ಟ ಆಗ್ಬಾರ್ದು ಅಂತ” ಅಂದ. ಅಂದಿನಿಂದ ನನಗೆ ಬರುವ ಪ್ರತಿ ಮೆಸೇಜನ್ನೂ ಅವನು ಮೊದಲು ಓದುತ್ತಾನೆ. ಊಟಕ್ಕೆ ಕೂತಾಗ ನನಗೆ ಓದಿ ಹೇಳುತ್ತಾನೆ. ನನ್ನ ಫೋನಿಗೆ ಮಾತು ಬರುತ್ತದೆ, ನಾನೇ ಕೇಳಿಸಿಕೊಳ್ಳಬಲ್ಲೆ ಎಂದು ಅವನಿಗೂ ಗೊತ್ತು. ಹಾಗೆ ಓದುವುದು ಅವನಿಗೆ ಪ್ರೀತಿ. ಅದನ್ನು ಸುಳ್ಳು ಎನ್ನಲಾರೆ.

ಈ ಮಾರ್ಚಿನಲ್ಲಿ ತುಮಕೂರಿನ ಒಂದು ಬ್ರೈಲ್ ಮುದ್ರಣಾಲಯದಿಂದ ಕೆಲಸಕ್ಕೆ ಕರೆದು ನನಗೆ ಮೆಸೇಜ್ ಬಂದಿತ್ತು. ಕರಡು ತಿದ್ದುವ ಕೆಲಸ, ಉಳಿಯಲು ಅಲ್ಲಿಯೇ ಕೋಣೆ. ಆ ಮೆಸೇಜನ್ನು ಅಣ್ಣ ನನಗೆ ಓದಿ ಹೇಳಲಿಲ್ಲ. ನನ್ನ ಹೆಸರಿನಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದು, ಎರಡನ್ನೂ ಅಳಿಸಿದ. ಮೇ ತಿಂಗಳಲ್ಲಿ ಆ ಮುದ್ರಣಾಲಯದವರೊಬ್ಬರು ಕೇಂದ್ರಕ್ಕೆ ಬಂದಾಗ “ನೀವೇ ಬೇಡ ಅಂದ್ರಲ್ಲಮ್ಮ” ಅಂದರು. ಆಗ ತಿಳಿಯಿತು. ಜನವರಿಯಲ್ಲಿ ಮತ್ತೆ ಅರ್ಜಿ ಕರೆಯುತ್ತೇವೆ ಎಂದರು. ಅದಕ್ಕೇ ನಾನು ನಿಮಗೆ ಬರೆದದ್ದು.

ಟ್ರಂಕಿನಿಂದ ಫೋನು ತೆಗೆದು ಅಣ್ಣ ಕೇಳಿದ. “ನಾನ್ ನಿಂಗೆ ಏನ್ ಕಡಿಮೆ ಮಾಡಿದೀನಿ, ಹೇಳು.”

“ಮಾರ್ಚಿನಲ್ಲಿ ಪ್ರೆಸ್ಸಿನವ್ರಿಗೆ ನನ್ ಹೆಸರಲ್ಲಿ ಏನಂತ ಬರ್ದೆ?” ಅಂದೆ.

ಅತ್ತಿಗೆ ಒಳಗೆ ಒಗ್ಗರಣೆ ಹಾಕುತ್ತಿದ್ದವಳು ಒಲೆ ಆರಿಸಿದಳು. ಅಣ್ಣ ಅಂದ. “ಬರ್ದೆ. ಇಲ್ಲ ಅನ್ನಲ್ಲ. ಕಣ್ಣಿಲ್ಲದ ಹೆಣ್ಣು ಒಬ್ಳೇ ಇದ್ದಾಳೆ ಅಂದ್ರೆ ನಂಗೆ ನಿದ್ದೆ ಬರ್ತದಾ? ಏನಾದ್ರೂ ಆದ್ರೆ ಅಪ್ಪಂಗೆ ನಾನ್ ಏನ್ ಹೇಳ್ಲಿ?”

ಅಪ್ಪ ಇಲ್ಲ, ನಾನಿದ್ದೇನೆ, ನನ್ನನ್ನು ಕೇಳಬೇಕಿತ್ತು ಎಂದು ಹೇಳಬೇಕೆಂದಿದ್ದೆ. ಹೇಳದೆ ಎದ್ದು ಒಳಗೆ ಹೋದೆ.

ಮುಂದಿನ ಮಂಗಳವಾರದಿಂದ ನನ್ನನ್ನು ಕೇಂದ್ರಕ್ಕೆ ಬಿಡಲು ಅಣ್ಣ ಗೊತ್ತುಮಾಡಿದ್ದ ಆಟೋ ಬರಲಿಲ್ಲ. ಫೋನನ್ನು ಅಂಗಡಿಗೆ ಒಯ್ದ. ಹೋದ ವಾರ ತಾನಾಗಿಯೇ ತಂದು ನನ್ನ ಕೈಲಿಟ್ಟು “ಇದು ಏನೂ ಮಾತೇ ಆಡಲ್ಲ ಕಣಮ್ಮ, ಬರೀ ಡಬ್ಬ. ಇಟ್ಕೋ ಬುಡು” ಅಂದ. ಮೂಗ ಎಂದು ಖಾತ್ರಿಯಾದ ಮೇಲೆ ಅವನಿಗೆ ಭಯ ಹೋಗಿತ್ತು, ಇವತ್ತು ಆಟೋ ಮತ್ತೆ ಬಂತು.

ಯಾರಿಂದ ಬಚ್ಚಿಡಬೇಕಿತ್ತೋ ಅವರ ಕೈಗೇ ನೀವು ಕೊಟ್ಟಿರಿ. ನಾನು ಹೇಳಿರಲಿಲ್ಲ, ನಿಜ. ಆದರೆ ‘ಸ್ವಲ್ಪ ದಿನ ಬಿಡಿ’ ಎಂದು ಬರೆದಿದ್ದೆ.

ಮಾಲಿನಿ


ಗುಬ್ಬಿ
29 ಆಗಸ್ಟ್ 2024

ಮಾಲಿನಿಯವರೇ,

ಎರಡು ದಿನದಿಂದ ಈ ಪತ್ರ ಬರೆದು ಅಳಿಸುತ್ತಿದ್ದೇನೆ. ಸಹಾಯ ಮಾಡಲು ಫೋನ್ ಮಾಡಿದೆ ಎಂದರೆ ಅರ್ಧ ಸತ್ಯ. ಉಳಿದರ್ಧವನ್ನೂ ಬರೆಯದಿದ್ದರೆ ಕ್ಷಮೆ ಕೇಳಿದಂತಾಗುವುದಿಲ್ಲ.

ಎಕ್ಸ್‌ಚೇಂಜಿನಲ್ಲಿ ನನಗೆ ಹದಿಮೂರು ವರ್ಷ ಬೋರ್ಡಿನ ಕೆಲಸವಿತ್ತು. ಊರಿನಿಂದ ಊರಿಗೆ ಕರೆ ಜೋಡಿಸಿ, ಮಾತು ಶುರುವಾದ ಕೂಡಲೇ ನಮ್ಮ ಕಿವಿಯ ಕೀಲಿ ಮುಚ್ಚಬೇಕು ಎಂದು ನಿಯಮ. ನಾನು ಮುಚ್ಚುತ್ತಿರಲಿಲ್ಲ. ಯಾರಿಗೂ ಕೆಟ್ಟದ್ದು ಮಾಡಲಿಲ್ಲ, ಒಂದು ಮಾತನ್ನೂ ಹೊರಗೆ ಬಿಡಲಿಲ್ಲ. ಸುಮ್ಮನೆ ಕೇಳುತ್ತಿದ್ದೆ. ಯಾರ ಮಗಳಿಗೆ ಹೆರಿಗೆಯಾಯಿತು, ಯಾರು ಯಾರ ಮೇಲೆ ಮುನಿದಿದ್ದಾರೆ, ಯಾರಿಗೆ ಜ್ವರ ಬಿಟ್ಟಿಲ್ಲ. ಸಂತೆಯಲ್ಲಿ ಅವರೇ ಎದುರಾಗುತ್ತಿದ್ದರು. ಮಗು ಹೇಗಿದೆ ಎಂದು ಕೇಳಬೇಕು ಎನ್ನಿಸುತ್ತಿತ್ತು. ಕೇಳುವ ಹಕ್ಕಿರಲಿಲ್ಲ. ಸೊಪ್ಪು ಕೊಂಡು ಮನೆಗೆ ಬರುತ್ತಿದ್ದೆ.

ಆ ನಾಚಿಕೆಗೇ ನಿವೃತ್ತಿಯ ಮೇಲೆ ಈ ‘ಮರೆ’ಯ ಕೆಲಸ ಹಿಡಿದೆ. ಆದರೂ ಅಂದು ಕೇಂದ್ರಕ್ಕೆ ಕರೆ ಮಾಡಿ ಪ್ರೇಮಲತಾ ಅವರಿಂದ ನಂಬರ್ ಪಡೆದು, ಅದು ನಿಮ್ಮ ಮನೆಯದು ಎಂದುಕೊಂಡು ಫೋನ್ ಮಾಡಿದಾಗ ನನ್ನ ಮನಸ್ಸಿನಲ್ಲಿದ್ದುದು ಹತ್ತು ನಿಮಿಷದ ಕೆಲಸ ಮಾತ್ರವಲ್ಲ. ಬಹುಶಃ ನೀವೇ ಎತ್ತಬಹುದು, ನಿಮ್ಮ ದನಿ ಕೇಳಬಹುದು ಎಂದೂ ಇತ್ತು. ನಿಮ್ಮಣ್ಣ ಎತ್ತಿದರು. ಬಹಳ ಮರ್ಯಾದೆಯಿಂದ ಮಾತಾಡಿದರು. ನನಗೆ ಖುಷಿಯಾಯಿತು.

ಕ್ಷಮಿಸು ಮಗಳೇ. ಕ್ಷಮಿಸಲಾಗದಿದ್ದರೆ ಅದೂ ಸರಿಯೇ.

ಸಿದ್ದಗಂಗಯ್ಯ


ಕುಣಿಗಲ್
13 ಸೆಪ್ಟೆಂಬರ್ 2024, ಶುಕ್ರವಾರ

ಸಿದ್ದಗಂಗಯ್ಯನವರೇ,

ಸ್ಕ್ರೀನ್ ರೀಡರ್ ನಿಮ್ಮ ಕ್ಷಮೆಯನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಒಂದೇ ದನಿಯಲ್ಲಿ ಓದುತ್ತದೆ. ಬರೆಯುವಾಗ ನೀವು ಹೇಗಿದ್ದಿರಿ ಎಂದು ನನಗೆ ತಿಳಿಯದು. ನಿಜ ಬರೆದಿದ್ದೀರಿ ಎಂದುಕೊಂಡಿದ್ದೇನೆ.

ನನ್ನನ್ನು ಮಗಳೇ ಎನ್ನಬೇಡಿ. ಮಗಳು, ತಂಗಿ ಎಂದು ಕರೆಯುವವರೆಲ್ಲ ನನ್ನ ಪರವಾಗಿ ಏನಾದರೂ ಮಾಡಿಬಿಡುತ್ತಾರೆ.

ಅರ್ಜಿಗೆ ಇನ್ನು ನಾಲ್ಕು ತಿಂಗಳಿದೆ. ಈ ಫೋನಿಗೆ ಮೊದಲ ತೆರೆಯಿಂದಲೇ ಮಾತು ಬರುವಂತೆ ಮಾಡಲು ಆಗುತ್ತದೆಯೋ ಇಲ್ಲವೋ, ಅಷ್ಟು ಹೇಳಿ.

ಮಾಲಿನಿ


ಗುಬ್ಬಿ
21 ಸೆಪ್ಟೆಂಬರ್ 2024

ಮಾಲಿನಿಯವರೇ,

ಹೋದ ಭಾನುವಾರ ಕಣ್ಣಿಗೆ ಟವೆಲ್ ಬಿಗಿದುಕೊಂಡು, ಹೊಸದಾಗಿ ‘ಮರೆ’ ಹಾಕಿದ ಫೋನನ್ನು ಹಿಡಿದು ಕೂತೆ. ಒಮ್ಮೆ ನಡುಗಿತು. ಗಾಜಿನ ಮೇಲೆ ಬೆರಳಿಟ್ಟೆ. ನಾನೇ ಕನ್ನಡಕ್ಕೆ ತಂದ ಪದಗಳು ಆ ಗಾಜಿನ ಮೇಲಿದ್ದವು. ಒಂದೂ ನನಗೆ ಸಿಗಲಿಲ್ಲ. ನಾಲ್ಕನೇ ನಿಮಿಷಕ್ಕೆ ಟವೆಲ್ ಕಿತ್ತೆ. ನೀವು ಎರಡು ಗಂಟೆ ಕೂತಿದ್ದಿರಿ.

ತಂಡಕ್ಕೆ ಬರೆದೆ. ಕಂಠವನ್ನು ಮೊದಲಿನಿಂದಲೇ ಒಳಗಿಡಿ ಎಂದೆ. ಉತ್ತರಗಳು ಬಂದಿವೆ. ಒಬ್ಬರು ಬರೆದಿದ್ದಾರೆ: ತೆರೆಯ ಮೇಲಿನದನ್ನೆಲ್ಲ ಓದುವ ತಂತ್ರಾಂಶವೆಂದರೆ ಗೂಢಚಾರನಿಗೆ ಬೇಕಾದ ಎಲ್ಲ ಅಧಿಕಾರವೂ ಇರುವ ತಂತ್ರಾಂಶ, ಅದರ ದಾರಿಯನ್ನು ಮೊದಲೇ ತೆರೆದಿಡುವುದು ಅಪಾಯ. ಇನ್ನೊಬ್ಬರು: ಕಂಠದ ಸಂಕೇತವನ್ನು, ಅಂದರೆ ಕೋಡನ್ನು, ಸಾಲು ಸಾಲಾಗಿ ಪರಿಶೀಲಿಸಲು ನಮ್ಮಲ್ಲಿ ಜನವಿಲ್ಲ. ಮೂರನೆಯವರು: ಕಣ್ಣಿರುವವರೊಬ್ಬರ ಸಹಾಯವನ್ನು ಒಮ್ಮೆ ಪಡೆದರೆ ಸಾಕಲ್ಲ, ಇದು ಅಷ್ಟು ತುರ್ತೇ?

ಆ ಮೂರನೆಯವರ ಮೇಲೆ ಸಿಟ್ಟು ಬಂತು. ಜೂನಿನಲ್ಲಿ ನಾನೂ ಅದನ್ನೇ ಬರೆದಿದ್ದೆ ಎಂದು ಆಮೇಲೆ ನೆನಪಾಯಿತು.

ಅವರಿಗೆ ನಾನು ಏನು ಹೇಳಿದರೂ ಕಣ್ಣಿರುವವನ ಮಾತಾಗುತ್ತದೆ. ನೀವು ಬರೆಯುತ್ತೀರಾ? ನಿಮ್ಮ ಹೆಸರು, ಊರು ಯಾವುದೂ ಇಲ್ಲದೆ ಕಳಿಸುತ್ತೇನೆ. ನೀವು ಒಪ್ಪಿದರೆ ಮಾತ್ರ.

ಸಿದ್ದಗಂಗಯ್ಯ


ಕುಣಿಗಲ್
4 ಅಕ್ಟೋಬರ್ 2024, ಶುಕ್ರವಾರ

ಸಿದ್ದಗಂಗಯ್ಯನವರೇ,

ಇದನ್ನು ಕಳಿಸಿ.

‘ನೀವು ಬೀಗ ಮಾಡುವವರು. ಚೆನ್ನಾಗಿಯೇ ಮಾಡಿದ್ದೀರಿ. ಆದರೆ ನನ್ನ ಬೀಗದ ಕೀಲಿಯನ್ನು ಮೊದಲ ದಿನ ಬೇರೆಯವರ ಕೈಯಲ್ಲಿ ಕೊಟ್ಟು, ಅವರು ತೆರೆದ ಮೇಲೆ ನಾನು ಒಳಗೆ ಹೋಗಬೇಕು ಎನ್ನುತ್ತೀರಿ. ಆ ಹತ್ತು ನಿಮಿಷದಲ್ಲಿ ಅವರು ನನ್ನ ಪಾಸ್‌ವರ್ಡ್ ನೋಡುತ್ತಾರೆ, ನನ್ನ ಬಳಿ ಹೊಸ ಫೋನಿದೆ ಎಂದು ತಿಳಿಯುತ್ತಾರೆ. ನನ್ನಂಥವರ ವಿಷಯದಲ್ಲಿ ಇಣುಕುವವರು ದೂರದ ಕಂಪನಿಯವರಲ್ಲ. ಪಕ್ಕದಲ್ಲಿ ಕೂತು ಅನ್ನ ಬಡಿಸುವವರು. ತೆರೆ ಓದುವ ತಂತ್ರಾಂಶ ನಿಮಗೆ ಗೂಢಚಾರನಂತೆ ಕಾಣಬಹುದು. ನಾನು ಓದುವುದು ಅದರಿಂದಲೇ, ಬೇರೆ ಕಣ್ಣು ನನಗಿಲ್ಲ. ಅದು ಸುರಕ್ಷಿತವಾಗಿರಬೇಕು ಎನ್ನುವುದರಲ್ಲಿ ನಿಮಗಿಂತ ನನ್ನ ಸ್ವಾರ್ಥವೇ ದೊಡ್ಡದು.’

ಇಷ್ಟೇ. ತಿದ್ದಬೇಡಿ.

ಮಾಲಿನಿ


ಗುಬ್ಬಿ
23 ನವೆಂಬರ್ 2024

ಮಾಲಿನಿಯವರೇ,

ಒಂದಕ್ಷರ ತಿದ್ದದೆ ಇಂಗ್ಲಿಷಿಗೆ ಮಾಡಿ ಕಳಿಸಿದೆ. ಹತ್ತು ದಿನ ಯಾರೂ ಮಾತಾಡಲಿಲ್ಲ. ಆಮೇಲೆ ಆ ಮೂರನೆಯವರೇ ಬರೆದರು, ಕಂಠದ ಸಂಕೇತವನ್ನು ನಾನು ಪರಿಶೀಲಿಸುತ್ತೇನೆ ಎಂದು. ಐದು ವಾರದಿಂದ ಅವರೂ ನಾನೂ ಅದರಲ್ಲೇ ಇದ್ದೇವೆ. ಕನ್ನಡದ ಒತ್ತಕ್ಷರಗಳಲ್ಲಿ ಅದು ಮುಗ್ಗರಿಸುತ್ತದೆ. ‘ಮುಚ್ಚು’ ಎನ್ನುವುದನ್ನು ‘ಮುಚು’ ಎನ್ನುತ್ತಿತ್ತು, ಸರಿಮಾಡಿದೆ. ಒಂದು ಒಳ್ಳೆಯ ಸಂಗತಿ: ದನಿ ಇರುವಾಗ ತೆರೆಯನ್ನು ಪೂರ್ತಿ ಕಪ್ಪಾಗಿಸುವ ಆಯ್ಕೆಯನ್ನೂ ಸೇರಿಸಿದ್ದೇವೆ. ಪಕ್ಕದಲ್ಲಿರುವವರಿಗೆ ಬರೀ ಕಪ್ಪು ಗಾಜು ಕಾಣುತ್ತದೆ, ನಿಮ್ಮ ಕಿವಿಯಲ್ಲಿ ಎಲ್ಲವೂ ಇರುತ್ತದೆ.

ಫೋನನ್ನು ನನಗೆ ಕಳಿಸಿದರೆ ಹೊಸದನ್ನು ಹಾಕಿ ಮರಳಿಸುತ್ತೇನೆ. ಹೇಗೆ ಕಳಿಸುವುದು ಎಂಬುದು ನಿಮ್ಮ ತೀರ್ಮಾನ. ನಾನು ಯಾರಿಗೂ ಫೋನ್ ಮಾಡುವುದಿಲ್ಲ.

ಸಿದ್ದಗಂಗಯ್ಯ


ಕುಣಿಗಲ್
17 ಡಿಸೆಂಬರ್ 2024, ಮಂಗಳವಾರ

ಸಿದ್ದಗಂಗಯ್ಯನವರೇ,

ಫೋನ್ ನಿಮಗೆ ಗುರುವಾರ ಸಿಗಬೇಕು. ಕೊರಿಯರ್ ಮಾಡಿದವನು ಅಣ್ಣನೇ. “ಡಬ್ಬಾನ ರಿಪೇರಿ ಮಾಡಿಸ್ತೀನಿ” ಅಂದೆ. “ಮಾಡಿಸ್ಕೋ, ಯಾರು ಬೇಡ ಅಂದ್ರು” ಅಂದು ಸಂಜೆ ಅಂಗಡಿಯಿಂದಲೇ ಕಳಿಸಿದ. ಜುಲೈನಿಂದ ಅವನು ನನ್ನ ಮೆಸೇಜುಗಳನ್ನು ಊಟದ ಹೊತ್ತಿಗೆ ಓದುವುದನ್ನು ಬಿಟ್ಟಿದ್ದಾನೆ. ನೋಡುವುದನ್ನು ಬಿಟ್ಟಿದ್ದಾನೋ ಇಲ್ಲವೋ ಗೊತ್ತಿಲ್ಲ.

ಅರ್ಜಿಗೆ ಕೊನೆಯ ದಿನ ಜನವರಿ ಇಪ್ಪತ್ತೈದು.

ಮಾಲಿನಿ


ಗುಬ್ಬಿ
4 ಜನವರಿ 2025

ಮಾಲಿನಿಯವರೇ,

ಇವತ್ತು ಫೋನ್ ಕಳಿಸಿದೆ. ಪಾರ್ಸೆಲ್ ಕಟ್ಟುವ ಮುಂಚೆ ಟವೆಲ್ ಬಿಗಿದುಕೊಂಡು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಆಯಿತು. ಆಮೇಲೆ ಎಲ್ಲವನ್ನೂ ಅಳಿಸಿ ಹೊಸದಾಗಿಸಿದ್ದೇನೆ. ದನಿಯ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಐದು ಎಣಿಸಿ. ಅಷ್ಟೇ.

ಸಿದ್ದಗಂಗಯ್ಯ


ಕುಣಿಗಲ್
17 ಜನವರಿ 2025, ಶುಕ್ರವಾರ

ಸಿದ್ದಗಂಗಯ್ಯನವರೇ,

ಐದು ಎಣಿಸಿದೆ. “ತೆರೆ ಓದುಗ ಚಾಲೂ ಆಗಿದೆ” ಅಂತು. ಒರಟು ದನಿ, ನೆಗಡಿಯಾದವರ ಹಾಗೆ. ಭಾಷೆ ಆರಿಸಿದೆ. ಪಾಸ್‌ವರ್ಡ್ ಇಟ್ಟೆ. ಬೀಗಕ್ಕೆ ಬೆರಳು ಕೇಳಿತು, ನನ್ನದೊಂದನ್ನೇ ಇಟ್ಟೆ. ತೆರೆಯನ್ನು ಕಪ್ಪಾಗಿಸಿದೆ. ಎಲ್ಲ ಸೇರಿ ನಲವತ್ತು ನಿಮಿಷ ಹಿಡಿಯಿತು. ಅತ್ತಿಗೆ ನಡುವೆ ಒಮ್ಮೆ ಬಂದು, ಹತ್ತಿರ ನಿಂತು, ಹೋದಳು.

ನಿನ್ನೆ ಹೊಸ ಸಿಮ್ ತಂದೆ. ಈ ಪತ್ರ ಕೇಂದ್ರದಿಂದಲೇ ಬರೆಯುತ್ತಿದ್ದೇನೆ. ಅರ್ಜಿ ಮಾತ್ರ ಆ ಫೋನಿನಿಂದ ಹೋಯಿತು.

ಮಾಲಿನಿ


ತುಮಕೂರು
8 ಮಾರ್ಚ್ 2025

ಸಿದ್ದಗಂಗಯ್ಯನವರೇ,

ಸಂದರ್ಶನವಾಯಿತು. ಕೆಲಸ ಸಿಕ್ಕಿತು. ಸೋಮವಾರದಿಂದ ಮುದ್ರಣಾಲಯದಲ್ಲಿದ್ದೇನೆ. ಬೆರಳಿನಿಂದ ಓದಿ ತಪ್ಪು ಹಿಡಿಯುವುದು ಕೆಲಸ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ನಿನ್ನೆ ಹದಿನೇಳು ಹಿಡಿದೆ.

ನೇಮಕದ ಪತ್ರ ಬಂದ ದಿನ, ಈ ಸಲ ನಾನೇ ಅದನ್ನು ಅಣ್ಣನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಯಾವಾಗ ಹೋಗ್ಬೇಕು?” ಅಂದ. “ಸೋಮವಾರ” ಅಂದೆ. ಬಸ್ ಹತ್ತಿಸಲು ಅತ್ತಿಗೆ ಒಬ್ಬಳೇ ಬಂದಳು. ನನ್ನ ಕೈಹಿಡಿದು “ಊಟ ಮಾಡು ಟೈಮಿಗೆ ಸರಿಯಾಗಿ” ಅಂದಳು, ಅಷ್ಟೇ. ಊರು ದಾಟಿದ ಮೇಲೆ ಟಿಕೆಟ್ ಕೊಡುತ್ತ ಕಂಡಕ್ಟರ್ ಕೇಳಿದ. “ಬೈಕಲ್ಲಿ ಒಬ್ರು ಬಸ್ಸಿನ ಹಿಂದೆ ಹಿಂದೇನೇ ಬರ್ತಾವ್ರಲ್ಲಮ್ಮ, ನಿಮ್ಮೋರಾ?” ಹೌದು ಅಂದೆ. ಹೆಬ್ಬೂರು ಬಂದಾಗ ಮತ್ತೆ ಕೇಳಿದೆ. “ಈಗಿಲ್ಲ, ವಾಪಸ್ ಹೋದ್ರು ಅನ್ಸತ್ತೆ” ಅಂದ. ತುಮಕೂರಿನವರೆಗೆ ಕಿಟಕಿ ತೆರೆದೇ ಕೂತಿದ್ದೆ.

ಇಲ್ಲಿಯ ಕೋಣೆಯಲ್ಲಿ ಒಬ್ಬಳೇ. ಸಂಜೆ ಬಾಗಿಲು ಹಾಕಿದ ಮೇಲೆ ಸದ್ದಿಲ್ಲ. ಅಭ್ಯಾಸವಾಗುತ್ತದೆ.

ಇನ್ನೊಂದು ಮಾತು. ನೀವು ಕೇಳಿಲ್ಲ, ಕೇಳಬೇಕೆಂದು ಇರಬಹುದು. ನನ್ನ ಹೊಸ ನಂಬರನ್ನು ನಿಮಗೆ ಕೊಡುತ್ತಿಲ್ಲ. ಹೊಸ ಇಮೇಲನ್ನೂ. ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಮಾಡಿದ ಕೆಲಸ ನನಗೆ ಗೊತ್ತು. ಆದರೆ ಈ ನಂಬರು ಯಾರ ಬಳಿ ಇರಬೇಕು ಎಂದು ಒಂದೊಂದಾಗಿ ನಾನೇ ತೀರ್ಮಾನಿಸುತ್ತಿದ್ದೇನೆ. ಈವರೆಗೆ ಮುದ್ರಣಾಲಯದವರು ಮತ್ತು ಅಣ್ಣ. ಅಣ್ಣನಿಗೆ ನಾನೇ ಕೊಟ್ಟೆ. ಬೇರೆಯವರಿಗೆ ಕೊಡುವ ಮನಸ್ಸು ಇನ್ನೂ ಆಗಿಲ್ಲ. ಈ ಹಳೆಯ ವಿಳಾಸವನ್ನು ಇನ್ನು ತೆರೆಯುವ ಪ್ರಸಂಗ ಬರುವುದಿಲ್ಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಮಾಲಿನಿ


ಗುಬ್ಬಿ
14 ಜೂನ್ 2025

ಮಾಲಿನಿಯವರೇ,

ಇದನ್ನು ನೀವು ತೆರೆಯುವುದಿಲ್ಲ ಎಂದು ಗೊತ್ತು. ನಿಮಗೆ ಮೂರು ತಿಂಗಳು ಬರೆಯದೇ ಇದ್ದೆ. ಕೊಟ್ಟ ಮಾತಲ್ಲ ಅದು, ಆದರೂ ಇದ್ದೆ. ನಂಬರಿನ ವಿಷಯದಲ್ಲಿ ನೀವು ಮಾಡಿದ್ದು ಸರಿ.

‘ಮರೆ’ಯ ಹೊಸ ಆವೃತ್ತಿ ಇವತ್ತು ಬೆಳಿಗ್ಗೆ ಬಿಡುಗಡೆಯಾಯಿತು. ಕನ್ನಡದ ದನಿಯನ್ನು ಸ್ವಲ್ಪ ಹದ ಮಾಡಿದ್ದೇನೆ, ನೆಗಡಿ ಕಡಿಮೆಯಾಗಿದೆ. ಎಂಟು ಗಂಟೆಗೆ ಗುಂಡಿ ಒತ್ತಿದ ಮೇಲೆ ಅಭ್ಯಾಸಬಲದಿಂದ ಕಂಪ್ಯೂಟರಿನ ಮುಂದೆಯೇ ಕೂತಿದ್ದೆ, ಯಾರಾದರೂ ತೆಗೆದುಕೊಂಡರೋ ಏನೋ ಎಂದು. ನೋಡಲು ಅಲ್ಲಿ ಏನೂ ಇರುವುದಿಲ್ಲ. ಎಷ್ಟು ಫೋನುಗಳು, ಯಾವ ಊರಿನವು ಯಾವುದೂ ನಮಗೆ ತಿಳಿಯದ ಹಾಗೆ ಕಟ್ಟಿದ್ದೇವೆ. ತುಮಕೂರಿನಲ್ಲಿ ಒಂದು ಫೋನು ಇವತ್ತು ಹೊಸ ದನಿಯಲ್ಲಿ ಮಾತಾಡಿತೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ.

ಹತ್ತೂವರೆಯವರೆಗೆ ಕೂತು, ಎದ್ದು ಅನ್ನಕ್ಕಿಟ್ಟೆ.

ಸಿದ್ದಗಂಗಯ್ಯ